ಕಾರ್ಖಾನೆಯ ಶೇಷವೂ ನಾಯಕತ್ವದ ಹೊಣೆಯೂ

ಹಿಂದವಾಡಿಯಿಂದ ಖಾನಾಪುರ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಸ್ವಲ್ಪ ದೂರ ಸಾಗಿದರೆ ಉದ್ಯಮಬಾಗದ ಎರಕದ ಕಾರ್ಖಾನೆಗಳು ಎದುರಾಗುತ್ತವೆ. ಊರಿನ ಉತ್ತರದ ಅಂಚಿನಲ್ಲಿ, ಯಮನಾಪುರದ ಬಳಿ, ಅಲ್ಯೂಮಿನದ ದೊಡ್ಡ ಕಾರ್ಖಾನೆಯುಂಟು. ಭಾರಿ ಉದ್ಯಮಗಳಲ್ಲಿ ಪರಿಸರ ರಕ್ಷಣೆಯ ನಾಯಕತ್ವ ಎಂಬ ಮಾತು ಇಂದು ಪಠ್ಯಪುಸ್ತಕಗಳಲ್ಲಿಯೂ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿಯೂ ಹೇರಳವಾಗಿ ಕಾಣಸಿಗುತ್ತದೆ. ಅದರ ಅರ್ಥವನ್ನು ನಮ್ಮೂರಿನ ಈ ಎರಡು ಉದ್ಯಮಗಳ ಆಧಾರದಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸರಕನ್ನು ಮಾರಿದ ಮೇಲೆ ಹಿಂದೆ ಉಳಿಯುವ ಶೇಷವನ್ನು ಕಾರ್ಖಾನೆಯವರು ಯಾರ ಲೆಕ್ಕಕ್ಕೆ ಬರೆಯುತ್ತಾರೆ ಎಂಬುದೇ ಈ ನಾಯಕತ್ವದ ಒರೆಗಲ್ಲು ಎಂದು ನಾವು ಭಾವಿಸುತ್ತೇವೆ.

ಮೊದಲು ಅಲ್ಯೂಮಿನದ ವಿಚಾರ. ಈ ಕಾರ್ಖಾನೆಯನ್ನು 1960ರ ದಶಕದ ಕೊನೆಯಲ್ಲಿ ಸ್ಥಾಪಿಸಿದವರು ಇಂಡಿಯನ್ ಅಲ್ಯೂಮಿನಿಯಂ ಕಂಪನಿಯವರು, ಎಂದರೆ ಇಂಡಾಲ್. 2000ದಲ್ಲಿ ಇಂಡಾಲಿನ ಬಹುಪಾಲು ಶೇರುಗಳನ್ನು ಹಿಂಡಾಲ್ಕೊ ಸಂಸ್ಥೆ ಕೊಂಡುಕೊಂಡಿತು. ಇಲ್ಲಿ ನಡೆಯುವ ಕ್ರಿಯೆಯನ್ನು ಕಾರ್ಲ್ ಯೋಸೆಫ್ ಬಾಯರ್ ಎಂಬ ಆಸ್ಟ್ರಿಯದ ರಸಾಯನಶಾಸ್ತ್ರಜ್ಞನು 1880ರ ದಶಕದ ಕೊನೆಯಲ್ಲಿ ಕಂಡುಹಿಡಿದನು. ಬಾಕ್ಸೈಟ್ ಅದಿರನ್ನು ಅರೆದು, ಒತ್ತಡದಲ್ಲಿ ಕಾಯಿಸಿದ ಕಾಸ್ಟಿಕ್ ಸೋಡಾದ ದ್ರಾವಣದೊಡನೆ ಬೆರೆಸಿದರೆ ಅದರಲ್ಲಿರುವ ಅಲ್ಯೂಮಿನ ಕರಗುತ್ತದೆ. ಕಬ್ಬಿಣದ ಆಕ್ಸೈಡು, ಟೈಟೇನಿಯದ ಆಕ್ಸೈಡು ಮೊದಲಾದವು ಕರಗದೆ ಉಳಿಯುತ್ತವೆ. ತಿಳಿಯಾದ ದ್ರಾವಣವನ್ನು ಬೇರ್ಪಡಿಸಿ ತಣಿಸಿದಾಗ ಹರಳುಗಟ್ಟುವ ಪದಾರ್ಥವನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಬಿಳಿಯ ಅಲ್ಯೂಮಿನ ಪುಡಿ ಸಿದ್ಧವಾಗುತ್ತದೆ.

ಕರಗದೆ ಉಳಿದುದೇ ಕೆಂಪು ಕೆಸರು. ಈ ಕಡೆಯ ಮಾತಿನಲ್ಲಿ ಕೆಂಪು ರಾಡಿ. ಒಂದು ಟನ್ ಅಲ್ಯೂಮಿನಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಟನ್ ರಾಡಿ ಬೀಳುತ್ತದೆ. ಎಷ್ಟು ತೊಳೆದರೂ ಅದರಲ್ಲಿ ಸೋಡಾದ ಅಂಶ ಉಳಿದುಕೊಳ್ಳುವುದರಿಂದ ಅದು ತೀವ್ರ ಕ್ಷಾರಗುಣವುಳ್ಳದ್ದು. ನೀರಿನೊಡನೆ ಕಲಸಿ ಒಡ್ಡು ಕಟ್ಟಿದ ಕೊಳಗಳಲ್ಲಿ ತುಂಬಿಡುವುದು ಹಳೆಯ ಪದ್ಧತಿ. ಅದರ ಅಪಾಯವನ್ನು 2010ರ ಅಕ್ಟೋಬರ್ 4ರಂದು ಜಗತ್ತು ಕಂಡಿತು. ಅಂದು ಹಂಗೇರಿಯ ಅಯ್ಕಾ ಎಂಬಲ್ಲಿ ಅಂತಹ ಒಡ್ಡೊಡೆದು ರಾಡಿಯು ಹಳ್ಳಿಗಳಿಗೆ ನುಗ್ಗಿ, ಹತ್ತು ಜನ ಪ್ರಾಣ ಕಳೆದುಕೊಂಡರು. ಮಾರ್ಟ್ಸಲ್ ನದಿಯ ಜಲಚರಗಳು ನಾಶವಾದವು. ಭಾರತಕ್ಕೂ ಈ ಅಪಾಯ ಹೊರತಲ್ಲ. 2019ರ ಏಪ್ರಿಲ್ 9ರಂದು ಝಾರ್ಖಂಡದ ಮುರಿಯಲ್ಲಿ, ಹಿಂಡಾಲ್ಕೊ ಸಂಸ್ಥೆಯದೇ ಕಾರ್ಖಾನೆಯ ರಾಡಿಯ ರಾಶಿಯು ಕುಸಿದು ಹೊರಗಿನ ನೆಲವನ್ನು ಆವರಿಸಿತು.

ಇಷ್ಟಾದರೂ ಕಾನೂನು ಎಲ್ಲವನ್ನೂ ನೋಡಿಕೊಳ್ಳುತ್ತದೆಯೆ? 1974ರ ಜಲ ಮಾಲಿನ್ಯ ಕಾಯಿದೆ, 1986ರ ಪರಿಸರ ಸಂರಕ್ಷಣಾ ಕಾಯಿದೆ ಇವು ಕಾರ್ಖಾನೆಗಳನ್ನು ಕಟ್ಟುಪಾಡಿಗೆ ಒಳಪಡಿಸಿವೆ, ನಿಜ. ಆದರೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕೆಂಪು ರಾಡಿಯನ್ನು ‘ಪರಿಮಾಣ ಹೆಚ್ಚು, ಪರಿಣಾಮ ಕಡಿಮೆ’ ಎಂಬ ವರ್ಗದಲ್ಲಿಟ್ಟು ಅಪಾಯಕಾರಿ ತ್ಯಾಜ್ಯಗಳ ಪಟ್ಟಿಯಿಂದ ಹೊರಗಿಟ್ಟಿವೆ. ನಿಯಮವು ಸಡಿಲವಾಗಿರುವೆಡೆಯಲ್ಲಿ ಕಾರ್ಖಾನೆಯ ನಡೆವಳಿಕೆಯನ್ನು ನಿರ್ಧರಿಸುವುದು ಆಡಳಿತದವರ ವಿವೇಕ. ನಾಯಕತ್ವವೆಂಬ ಮಾತಿಗೆ ಅರ್ಥ ಬರುವುದು ಅಲ್ಲಿಯೆ.

ಅಂತಹ ವಿವೇಕದ ಮುಂದಿರುವ ದಾರಿ ಯಾವುದು? ರಾಡಿಯನ್ನು ಒತ್ತಿ, ಸೋಸಿ, ನೀರನ್ನೂ ಸೋಡಾವನ್ನೂ ಕಾರ್ಖಾನೆಗೆ ಹಿಂತಿರುಗಿಸಿ, ಒಣಗಿದ ಮಣ್ಣನ್ನು ಪೇರಿಸುವುದು ಮೊದಲ ಹೆಜ್ಜೆ. ಇದರಿಂದ ಒಡ್ಡಿನ ಮೇಲಣ ಭಾರ ತಗ್ಗುತ್ತದೆ. ಬೆಲೆಬಾಳುವ ಸೋಡಾವೂ ಉಳಿಯುತ್ತದೆ. ಎರಡನೆಯದು ಅದಕ್ಕೆ ಉಪಯೋಗವನ್ನು ಹುಡುಕುವುದು. ಸಿಮೆಂಟು ತಯಾರಿಸುವಾಗ ಸುಣ್ಣಕಲ್ಲಿನೊಡನೆ ಕಬ್ಬಿಣದ ಅಂಶವೂ ಅಲ್ಯೂಮಿನದ ಅಂಶವೂ ಬೇಕಾಗುತ್ತವೆ. ಅದಕ್ಕಾಗಿ ಜಂಬಿಟ್ಟಿಗೆ ಮಣ್ಣನ್ನು ಅಗೆದು ತರುವ ಬದಲು ರಾಡಿಯನ್ನು ಬಳಸಬಹುದು. 2020ರಲ್ಲಿ ಹಿಂಡಾಲ್ಕೊ ಸಂಸ್ಥೆಯು ತನ್ನ ಕಾರ್ಖಾನೆಗಳಿಂದ ವರ್ಷಕ್ಕೆ 12 ಲಕ್ಷ ಟನ್ ರಾಡಿಯನ್ನು ಅಲ್ಟ್ರಾಟೆಕ್ ಸಿಮೆಂಟಿನ 14 ಘಟಕಗಳಿಗೆ ಒದಗಿಸುವುದಾಗಿ ಪ್ರಕಟಿಸಿತು. ಸಿಮೆಂಟಿನ ಕಚ್ಚಾ ಮಿಶ್ರಣದಲ್ಲಿ ಶೇಕಡ 3ರವರೆಗೆ ಅದನ್ನು ಸೇರಿಸಲು ಸಾಧ್ಯವಾಯಿತೆಂದೂ ತಿಳಿಸಿತು.

ಈ ಶೇಕಡ 3 ಎಂಬ ಮಿತಿಯು ಮನನೀಯವಾದುದು. ಸಿಮೆಂಟಿನಲ್ಲಿ ಕ್ಷಾರ ಹೆಚ್ಚಿದರೆ ಅದು ಕೆಲವು ಬಗೆಯ ಜಲ್ಲಿಕಲ್ಲಿನೊಡನೆ ವರ್ತಿಸಿ ಕಾಲಾಂತರದಲ್ಲಿ ಕಾಂಕ್ರೀಟನ್ನು ಬಿರಿಯಿಸುತ್ತದೆ. ಆದುದರಿಂದ ರಾಡಿಯಲ್ಲಿ ಸೋಡಾ ಕಡಿಮೆಯಾದಷ್ಟೂ ಅದಕ್ಕೆ ಗಿರಾಕಿ ಹೆಚ್ಚು. ತೇವ ಕಡಿಮೆಯಾದಷ್ಟೂ ಸಾಗಣೆಯ ವೆಚ್ಚ ಕಡಿಮೆ. ಸೋಸುವ ಯಂತ್ರಕ್ಕೆ ಹಣ ಹಾಕಬೇಕೆ ಬೇಡವೆ ಎಂದು ಆಡಳಿತ ಮಂಡಲಿಯ ಕೋಣೆಯಲ್ಲಿ ಆಗುವ ತೀರ್ಮಾನವೇ, ಅದು ನೂರಾರು ಮೈಲು ದೂರದ ಕಾರ್ಖಾನೆಗೆ ಕಚ್ಚಾ ವಸ್ತುವಾಗುವುದೊ ಊರಿನ ಅಂಚಿನಲ್ಲಿ ಗುಡ್ಡವಾಗಿ ಬೆಳೆಯುವುದೊ ಎಂಬುದನ್ನು ನಿಶ್ಚಯಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು: ಲಾಭವಿರುವ ಕೆಲಸವನ್ನು ಮಾಡಿದರೆ ಅದರಲ್ಲಿ ನಾಯಕತ್ವವೇನು? ಆಕ್ಷೇಪ ಯುಕ್ತವಾದುದೇ. ಹಿಂಡಾಲ್ಕೊ, ಅಲ್ಟ್ರಾಟೆಕ್ ಎರಡೂ ಆದಿತ್ಯ ಬಿರ್ಲಾ ಸಮೂಹಕ್ಕೆ ಸೇರಿದವು. ಮಾರುವವರಿಗೂ ಕೊಳ್ಳುವವರಿಗೂ ಒಂದೇ ಮನೆತನ. ಅಂತಹ ಅನುಕೂಲ ಎಲ್ಲರಿಗೂ ಇಲ್ಲ. ಆದರೆ ಲಾಭವು ಕಾಣುವುದು ಹಲವು ವರ್ಷಗಳ ಅನಂತರ. ವೆಚ್ಚವು ಬೀಳುವುದು ಮೊದಲಿಗೆ. ಆ ನಡುವಣ ಕಾಲವನ್ನು ತಾಳಿಕೊಳ್ಳುವ ದೂರದೃಷ್ಟಿಯನ್ನು ನಾಯಕತ್ವವೆಂದೇ ಕರೆಯಬೇಕು. ಹಳೆಯ ರಾಶಿಗಳನ್ನು ಕಾಯುವ ಹೊಣೆ ಮಾತ್ರ ಹೊಸ ಗಿರಾಕಿ ಸಿಕ್ಕಿದೊಡನೆ ತೀರುವುದಿಲ್ಲ. ಮುರಿಯ ಘಟನೆ ಅದನ್ನು ನೆನಪಿಸುತ್ತದೆ.

ಇನ್ನು ಉದ್ಯಮಬಾಗದ ಕಡೆಗೆ ತಿರುಗೋಣ. ಎರಕದ ಕೆಲಸಕ್ಕೆ ಉಸುಕಿನ ಅಚ್ಚು ಬೇಕು. ಕಾದ ಕಬ್ಬಿಣ ಸುರಿದ ಮೇಲೆ ಅಚ್ಚನ್ನು ಒಡೆಯಲಾಗುತ್ತದೆ. ಉಸುಕಿಗೆ ಅಂಟಿದ ರಾಳವನ್ನು ಉಜ್ಜಿಯೋ ಸುಟ್ಟೋ ತೆಗೆದರೆ ಅದನ್ನು ಮತ್ತೆ ಬಳಸಬಹುದು. ಹೊಳೆಯ ದಂಡೆಯ ಅಗೆತವೂ ತಿಪ್ಪೆಯ ಹೊರೆಯೂ ಕುಗ್ಗುತ್ತವೆ. ಆದರೆ ಅದರ ಯಂತ್ರವು ಸಣ್ಣ ಫೌಂಡ್ರಿಯೊಂದರ ಶಕ್ತಿಗೆ ಮೀರಿದ್ದು. ಕೇಂದ್ರ ಸರ್ಕಾರದ ನೆರವಿನೊಡನೆ ರೂಪುಗೊಂಡ ಬೆಳಗಾವಿ ಫೌಂಡ್ರಿ ಕ್ಲಸ್ಟರು ಉಸುಕಿನ ಪುನರುದ್ಧಾರವನ್ನು ಸಾಮೂಹಿಕ ಸೌಕರ್ಯವಾಗಿ ಕೈಗೊಂಡುದರ ಮಹತ್ವ ಇಲ್ಲಿದೆ. ದೊಡ್ಡ ಸಂಸ್ಥೆಯಲ್ಲಿ ಮೇಲಿನಿಂದ ಇಳಿಯುವ ನಾಯಕತ್ವವು ಸಣ್ಣ ಉದ್ಯಮಿಗಳ ನಡುವೆ ಸಹಕಾರದ ರೂಪವನ್ನು ತಾಳುತ್ತದೆ.

ದೇಶದ ಮೊದಲ 1000 ನೋಂದಾಯಿತ ಸಂಸ್ಥೆಗಳು 2022–23ರಿಂದ ತಮ್ಮ ಸುಸ್ಥಿರತೆಯ ವರದಿಯನ್ನು ಪ್ರಕಟಿಸಬೇಕೆಂದು ಸೆಬಿ ವಿಧಿಸಿದೆ. ನಮ್ಮ ಅಭ್ಯಾಸಿಗಳು ಅಂತಹ ವರದಿಯನ್ನು ಕೈಗೆತ್ತಿಕೊಂಡಾಗ ಮೂರು ಪ್ರಶ್ನೆಗಳನ್ನು ಕೇಳಲಿ: ಈ ವರ್ಷ ಎಷ್ಟು ಶೇಷ ಹುಟ್ಟಿತು? ಅದರಲ್ಲಿ ಎಷ್ಟು ಉಪಯೋಗಕ್ಕೆ ಹೋಯಿತು? ಉಳಿದುದನ್ನು, ಹಿಂದಿನ ವರ್ಷಗಳ ರಾಶಿಯೊಡನೆ, ಯಾರು ಎಷ್ಟು ಕಾಲ ಕಾಯುತ್ತಾರೆ? ಮೂರನೆಯ ಪ್ರಶ್ನೆಗೆ ನೇರವಾದ ಉತ್ತರ ಕೊಡಬಲ್ಲ ಸಂಸ್ಥೆಯನ್ನು ಉಳಿದವರಿಗೆ ಮೇಲ್ಪಂಕ್ತಿಯೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.