ಚಿತ್ರದ ಮುಂದೆ ನಿಲ್ಲಿಸುವವರು

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರವನ್ನು ಎದುರಿಗೆ ನಿಂತು ನೋಡಿದರೆ ದೇವರು, ಮಂಟಪ, ಮಿನುಗುವ ಚಿನ್ನ ಕಾಣುತ್ತವೆ. ‘ಸ್ವಲ್ಪ ಈ ಕಡೆ ಬನ್ನಿ, ಓರೆಯಾಗಿ ನೋಡಿ’ ಎಂದು ಯಾರಾದರೂ ಹೇಳಬೇಕು. ಆಗ ಒಡವೆಯ ಗೆರೆಗಳು ಚಿತ್ರದ ಮೈಯಿಂದ ಕೂದಲೆಳೆಯಷ್ಟು ಮೇಲೆದ್ದಿರುವುದು ಕಣ್ಣಿಗೆ ಬೀಳುತ್ತದೆ. ಮಕ್ಕಿ ಸಫೇದದ ಲೇಪದಿಂದ ನಾಜೂಕಾಗಿ ಉಬ್ಬು ತೆಗೆದು, ಅದರ ಮೇಲೆ ಚಿನ್ನದ ರೇಕು ಕೂರಿಸಿದ ಕೆಲಸ ಅದು. ತಂಜಾವೂರಿನವರದು ದಪ್ಪ ಉಬ್ಬು, ನಮ್ಮದು ತೆಳು. ಗೋಡೆಯ ಮೇಲಿನ ಫಲಕ ಇಷ್ಟನ್ನೂ ಬರೆದು ಹೇಳಬಹುದು. ಆದರೆ ನಿಮ್ಮನ್ನು ಎರಡು ಹೆಜ್ಜೆ ಪಕ್ಕಕ್ಕೆ ಸರಿಸಲು ಅದಕ್ಕಾಗದು. ಅದಕ್ಕೆ ಮನುಷ್ಯರೇ ಬೇಕು.

ಬೆಂಗಳೂರಿನ ಕಲಾ ಗ್ಯಾಲರಿಗಳಲ್ಲಿ ಮಾರ್ಗದರ್ಶಿಯ ಜೊತೆ ನಡೆಯುವುದರ ಸುಖ ಇದೇ. 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಜನವರಿಯ ಚಿತ್ರಸಂತೆಯ ದಿನ ಹೋಗುವವರು ಲಕ್ಷಗಟ್ಟಲೆ. ಒಳಗಿನ ಸಂಗ್ರಹಾಲಯಕ್ಕೆ ಕಾಲಿಡುವವರು ಕಡಿಮೆ, ತೊಗಲುಗೊಂಬೆಗಳ ಮುಂದೆ ನಿಲ್ಲುವವರು ಇನ್ನೂ ಕಡಿಮೆ. ಬಲ್ಲವರು ಜೊತೆಗಿದ್ದರೆ ಮೊದಲು ಕೇಳುವ ಪ್ರಶ್ನೆ: ಈ ಗೊಂಬೆ ಯಾಕೆ ದೊಡ್ಡದು, ಅದು ಯಾಕೆ ಚಿಕ್ಕದು? ದೇವರು, ರಾಜರು ದೊಡ್ಡವರು. ಸೇವಕರು, ಸಾಮಾನ್ಯರು ಸಣ್ಣವರು. ಪಾತ್ರದ ಅಂತಸ್ತೇ ಗೊಂಬೆಯ ಅಳತೆ. ತೊಗಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಿದ್ದರು ಎಂಬುದು ತಿಳಿದ ಮೇಲೆ, ಗೋಡೆಗೆ ಒರಗಿದ ಗೊಂಬೆಯ ಹಿಂದೆ ಮನಸ್ಸೇ ಒಂದು ದೀಪ ಹಚ್ಚಿಟ್ಟು ನೋಡತೊಡಗುತ್ತದೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ಬಾಗಿಲು ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಕಷ್ಟ ಬೇರೆ ಥರದ್ದು. ರವಿವರ್ಮ, ಅಮೃತಾ ಶೇರ್‌ಗಿಲ್, ನಂದಲಾಲ್ ಬೋಸ್, ಜಾಮಿನಿ ರಾಯ್ ಎಂದು ಹೆಸರುಗಳ ಸಾಲು ನಿಲ್ಲುವುದೇ ಇಲ್ಲ. ಒಬ್ಬರೇ ಹೋದರೆ ಎಲ್ಲವನ್ನೂ ಮುಗಿಸುವ ಅವಸರ ಹುಟ್ಟುತ್ತದೆ. ಒಳ್ಳೆಯ ಮಾರ್ಗದರ್ಶಿ ಒಂದು ಗಂಟೆಯಲ್ಲಿ ಆರೇಳು ಚಿತ್ರಗಳಿಗಿಂತ ಹೆಚ್ಚು ತೋರಿಸಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಲಾವಿದರ ಹುಟ್ಟಿದ ಇಸವಿ, ಪಡೆದ ಪ್ರಶಸ್ತಿಗಳನ್ನು ಒಪ್ಪಿಸುವವರಿಗಿಂತ ‘ಬೆಳಕು ಎಲ್ಲಿಂದ ಬರುತ್ತಿದೆ ಹೇಳಿ’ ಎಂದು ಕೇಳಿ ಸುಮ್ಮನೆ ಕಾಯುವವರು ಮೇಲು.

ಕೆ. ವೆಂಕಟಪ್ಪನವರ ಊಟಿಯ ಜಲವರ್ಣ ಚಿತ್ರಗಳಿಗಂತೂ ಅಂಥವರೇ ಬೇಕು. ಗುಡ್ಡ, ಮಂಜು, ಕೆರೆ, ಮೋಡ: ಅವಸರದ ಕಣ್ಣಿಗೆ ಎಲ್ಲವೂ ಒಂದೇ. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತವರು ವೆಂಕಟಪ್ಪ. ಪುರಾಣದ ಚಿತ್ರಗಳನ್ನು ಬರೆದರು, ಮೈಸೂರು ಅರಮನೆಗೆ ಉಬ್ಬುಶಿಲ್ಪಗಳನ್ನು ಮಾಡಿದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅಷ್ಟೆಲ್ಲ ಕಥೆ, ಪಾತ್ರಗಳನ್ನು ಕಡೆದ ಕೈ ಬೆಟ್ಟದ ಮುಂದೆ ಕೂತಾಗ ಮನುಷ್ಯರನ್ನು ಬದಿಗಿಟ್ಟು ಬರೀ ಹವೆಯನ್ನು ಬರೆಯಿತು. ಇದನ್ನು ತಿಳಿದು ನೋಡಿದರೆ ಆ ಪುಟ್ಟ ಕಾಗದಗಳ ಮುಂದಿನಿಂದ ಬೇಗ ಕದಲಲಾಗುವುದಿಲ್ಲ. ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ‘ಮ್ಯಾಪ್’, ಕಣ್ಣು ಕಾಣದವರು ಬೆರಳಿನಿಂದ ಮುಟ್ಟಿ ತಿಳಿಯುವಂಥ ಪ್ರತಿಕೃತಿಗಳನ್ನೂ ಇಟ್ಟಿದೆ. ನೋಡುವುದಕ್ಕೆ ಜೊತೆಯೊಂದು ಬೇಕು ಎಂಬ ಮಾತನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಗ್ಯಾಲರಿಗಳು ನಮ್ಮಲ್ಲಿ ವಿರಳ.

ಒಂದು ಕೊರತೆ ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಇಂಥ ನಡಿಗೆಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತವೆ. ಮಕ್ಕಿ ಸಫೇದ, ರೇಕು, ತೊಗಲು ಹೆರೆಯುವುದು ಎಂಬ ಮಾತುಗಳೆಲ್ಲ ಕನ್ನಡದ ಕೆಲಸಗಾರರ ಬಾಯಲ್ಲಿ ಬೆಳೆದವು. ಸರ್ಕಾರಿ ಶಾಲೆಯ ಏಳನೇ ಕ್ಲಾಸಿನ ಮಕ್ಕಳು ಅವನ್ನು ತಮ್ಮ ಭಾಷೆಯಲ್ಲೇ ಕೇಳುವಂತಾಗಬೇಕು. ಬಯಲುಸೀಮೆಯ ಊರುಗಳಲ್ಲಿ ತೊಗಲುಗೊಂಬೆಯಾಟ ನೋಡಿ ಬೆಳೆದ ಅಜ್ಜಿಯೊಬ್ಬರು ಗುಂಪಿನಲ್ಲಿದ್ದರೆ, ಮಾರ್ಗದರ್ಶಿಯೇ ಅವರಿಂದ ಕೇಳಿ ತಿಳಿಯುವುದು ಬೇಕಾದಷ್ಟಿರುತ್ತದೆ.

ಹೋಗುವ ಮನಸ್ಸಿದ್ದರೆ ಮೊದಲೇ ಫೋನ್ ಮಾಡಿ, ಮಾರ್ಗದರ್ಶನದ ನಡಿಗೆ ಯಾವತ್ತು ಎಂದು ವಿಚಾರಿಸಿ. ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಬಾಯಿಬಿಟ್ಟು ಕೇಳಿ; ಕೇಳುವವರು ಹೆಚ್ಚಿದಷ್ಟೂ ಅಂಥವರನ್ನು ಹುಡುಕಿಡುವ ಹೊಣೆ ಗ್ಯಾಲರಿಗಳ ಮೇಲೆ ಬೀಳುತ್ತದೆ. ಆಧುನಿಕ ಕಲಾ ಗ್ಯಾಲರಿಗೂ ಮ್ಯಾಪ್‌ಗೂ ಸೋಮವಾರ ರಜೆ.