ಮೂರನೆಯವನಿಗೆ ಹಾಕಿದ ಮತ ಹೊಳೆಪಾಲೇ?



ಕಳೆದ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾಗಿ ಇನ್ನೇನು ಊಟಕ್ಕೆ ಏಳಬೇಕು ಎನ್ನುವಾಗ ಎರಡೆಕರೆ ತೋಟದ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. "ಹೊರದೇಶದ ಅಡಿಕೆ ಬಂದು ಧಾರಣೆ ಬಿದ್ದಾಗಲೂ, ಹಳದಿ ಎಲೆ ರೋಗದಿಂದ ತೋಟ ಹೋದಾಗಲೂ ಎರಡು ದೊಡ್ಡ ಪಕ್ಷದವರು ಒಂದೇ ಮಾತು ಹೇಳಿ ಹೋಗುತ್ತಾರೆ. ನಾವೇ ಒಬ್ಬ ಬೆಳೆಗಾರನನ್ನು ನಿಲ್ಲಿಸಿದರೆ ಹೇಗೆ?" ಎಂದು ಕೇಳಿದರು. ಹಿಂದಿನ ಸಾಲಿನಿಂದ ಉತ್ತರ ಬಂತು: "ಅವನಿಗೆ ಹಾಕಿದ ವೋಟು ಹೊಳೆಗೆ ಹಾಕಿದ ಹಾಗೆ." ಸಭೆ ನಕ್ಕಿತು. ಹಿರಿಯರು ಸುಮ್ಮನೆ ಕುಳಿತರು. ನಮಗೆ ಆ ನಗು ಸರಿಕಾಣಲಿಲ್ಲ.

ನಮ್ಮ ಸಂಘಕ್ಕೆ ಪಕ್ಷವಿಲ್ಲ, ಇರಲೂಬಾರದು. ಆದರೆ ಪ್ರಶ್ನೆ ಎಲ್ಲರದು. ಆದ್ದರಿಂದ ಲೆಕ್ಕ ಹಾಕಿ ನೋಡೋಣ.

ನಮ್ಮ ಭಾಗದ ತೋಟಗಳಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಿಂದ ಆಳುಗಳು ಬರುವುದು ನಿಮಗೆ ಗೊತ್ತೇ ಇದೆ. 2018ರ ಮೇ 12ರ ಮತದಾನಕ್ಕೆಂದು ನಮ್ಮ ತೋಟದ ಬಾದಾಮಿ ಕಡೆಯ ತಂಡವೂ ಊರಿಗೆ ಹೋಗಿತ್ತು. ಮುಂಗಾರಿಗೆ ಮುನ್ನ ಬೋರ್ಡೋ ಹೊಡೆಸುವ ಅವಸರದಲ್ಲಿದ್ದ ನಮಗೆ ಸಿಟ್ಟೇ ಬಂದಿತ್ತೆನ್ನಿ. ತಿರುಗಿ ಬಂದ ಮೇಸ್ತ್ರಿ ಕೇಳಿದ್ದು ಇದನ್ನೇ: "ಸಾವ್ಕಾರ್ರ, ನಾ ಮೂರನೇದವಗ ಹಾಕೇನ್ರಿ. ನನ್ನ ವೋಟು ನೀರಾಗ ಹೋತೇನ್ರಿ?"

ಬಾದಾಮಿಯಲ್ಲಿ ಆ ಸಲ ಗೆದ್ದವರು ಕಾಂಗ್ರೆಸ್ಸಿನ ಸಿದ್ದರಾಮಯ್ಯನವರು. ಎರಡನೆಯವರು ಬಿಜೆಪಿಯ ಶ್ರೀರಾಮುಲು. ಅಂತರ ಕೇವಲ 1,696 ಮತ. ಮೂರನೆಯ ಸ್ಥಾನದ ಜನತಾದಳ (ಜಾತ್ಯತೀತ) ಅಭ್ಯರ್ಥಿಗೆ ಬಿದ್ದದ್ದು 24 ಸಾವಿರಕ್ಕೂ ಮಿಗಿಲು. 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಒತ್ತಿದವರೇ ಗೆಲುವಿನ ಅಂತರಕ್ಕಿಂತ ಹೆಚ್ಚು ಮಂದಿ. ಆ 24 ಸಾವಿರದಲ್ಲಿ ಒಂದು ಸಣ್ಣ ಪಾಲು ಒಂದೇ ಕಡೆಗೆ ವಾಲಿದ್ದರೂ ಫಲಿತಾಂಶ ತಿರುಗುತ್ತಿತ್ತು, ಇಲ್ಲವೇ ಗಟ್ಟಿಯಾಗುತ್ತಿತ್ತು. ಹೊರದೇಶದಲ್ಲೂ ಇದೇ ಕಥೆ. 2000ದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬುಷ್ ಅವರು 537 ಮತಗಳಿಂದ ಗೆದ್ದರು. ಅಲ್ಲಿ ಮೂರನೆಯ ಪಕ್ಷದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಹೆಚ್ಚು ಮತ ಪಡೆದವನೇ ಗೆದ್ದನೆಂಬ ನಮ್ಮ ಪದ್ಧತಿಯಲ್ಲಿ ಕಣ ಎರಡು ಪಕ್ಷಗಳಿಗೇ ಇಳಿಯುತ್ತದೆಂದು ಫ್ರಾನ್ಸಿನ ವಿದ್ವಾಂಸ ದುವೆರ್ಜೆ 1951ರಲ್ಲೇ ಬರೆದಿದ್ದರು. ಹುನಗುಂದ ಕ್ಷೇತ್ರವನ್ನು ನೋಡಿ: 2008ರಲ್ಲಿ ಬಿಜೆಪಿ, 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಕಾಂಗ್ರೆಸ್. ಇಳಕಲ್ಲಿನ ನೇಕಾರ ಮಗ್ಗದಲ್ಲಿ ಲಾಳಿ ಆ ಕಡೆ ಈ ಕಡೆ ಓಡಿಸಿದಂತೆಯೇ.

ಹಾಗಾದರೆ ಹಿಂದಿನ ಸಾಲಿನವರು ಹೇಳಿದ್ದೇ ಸರಿಯೇ? ಪೂರ್ತಿ ಅಲ್ಲ.

ಮೊದಲನೆಯದಾಗಿ, ಮೂರನೆಯವನು ಎಲ್ಲೆಡೆಯೂ ಮೂರನೆಯವನಲ್ಲ. ಅದೇ 2018ರಲ್ಲಿ ಸಿದ್ದರಾಮಯ್ಯನವರು ಮೈಸೂರಿನ ಚಾಮುಂಡೇಶ್ವರಿಯಲ್ಲೂ ನಿಂತಿದ್ದರು. ಅಲ್ಲಿ ಅವರನ್ನು 36 ಸಾವಿರ ಮತಗಳಿಂದ ಸೋಲಿಸಿದ್ದು ಬಾದಾಮಿಯಲ್ಲಿ ಮೂರನೆಯದಾಗಿದ್ದ ಅದೇ ಜನತಾದಳ. 37 ಸ್ಥಾನ ಗೆದ್ದ ಆ ಪಕ್ಷದವರೇ ಆಮೇಲೆ ಮುಖ್ಯಮಂತ್ರಿಯಾದರು. ಆ ಸರ್ಕಾರ 2019ರ ಜುಲೈನಲ್ಲಿ ಬಿತ್ತು. 2023ರ ಸೆಪ್ಟೆಂಬರಿನಲ್ಲಿ ಆ ಪಕ್ಷ ಬಿಜೆಪಿಯ ಕೂಟ ಸೇರಿತು.

ಎರಡನೆಯದಾಗಿ, ಅಡಿಕೆ ಸಸಿ ನೆಟ್ಟವನು ಮರುವರ್ಷವೇ ಗೊನೆ ಕೇಳುವುದಿಲ್ಲ. ಇಂದಿನ ದೊಡ್ಡ ಪಕ್ಷವಾದ ಬಿಜೆಪಿ ನಮ್ಮ ವಿಧಾನಸಭೆಯಲ್ಲಿ 1983ರಲ್ಲಿ 18 ಸ್ಥಾನ ಪಡೆದು ಹೆಗಡೆಯವರ ಸರ್ಕಾರಕ್ಕೆ ಹೊರಗಿನಿಂದ ಬೆಂಬಲ ಕೊಟ್ಟ ಸಣ್ಣ ಪಕ್ಷ. 1985ರಲ್ಲಿ ಎರಡಕ್ಕೆ, 1989ರಲ್ಲಿ ನಾಲ್ಕಕ್ಕೆ ಇಳಿಯಿತು. 1994ರಲ್ಲಿ 40, 2004ರಲ್ಲಿ 79, 2008ರಲ್ಲಿ 110. 1985ರಲ್ಲಿ ಅದಕ್ಕೆ ಮತ ಹಾಕಿದವರನ್ನೂ ನೆರೆಯವರು ನಕ್ಕಿರಬೇಕು.

ಆದರೆ ಎಲ್ಲ ಸಸಿಯೂ ಬೇರು ಬಿಡುವುದಿಲ್ಲ. ಯಡಿಯೂರಪ್ಪನವರ ಕೆಜೆಪಿ 2013ರಲ್ಲಿ ರಾಜ್ಯದಲ್ಲಿ ಶೇಕಡಾ ಹತ್ತರ ಹತ್ತಿರ ಮತ ಪಡೆದರೂ ದಕ್ಕಿದ್ದು ಆರೇ ಸ್ಥಾನ. ಮತ ಒಡೆದ ಆ ವರ್ಷ, 2008ರಲ್ಲಿ ಬಾಗಲಕೋಟೆ ಜಿಲ್ಲೆಯ ಏಳಕ್ಕೆ ಏಳನ್ನೂ ಗೆದ್ದಿದ್ದ ಬಿಜೆಪಿಗೆ ಉಳಿದದ್ದು ಮುಧೋಳ ಒಂದೇ. 2014ರಲ್ಲಿ ಕೆಜೆಪಿ ಮಾತೃಪಕ್ಷಕ್ಕೆ ಮರಳಿತು.

ರೈತರದೇ ಅಭ್ಯರ್ಥಿಗಳ ಅನುಭವವೂ ನಮ್ಮ ಮುಂದಿದೆ. 1980ರ ನರಗುಂದ-ನವಲಗುಂದ ಬಂಡಾಯದ ನಂತರ ಬೆಳೆದ ರೈತಸಂಘದಿಂದ 1989ರಲ್ಲಿ ಬಾಬಾಗೌಡ ಪಾಟೀಲರು ಎರಡು ಕ್ಷೇತ್ರಗಳಲ್ಲಿ ಗೆದ್ದರು. ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. ಅವರ ಮಗ 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಗೆದ್ದರು. ಗೆಲುವು ಬಂದದ್ದು ವರ್ಷಗಟ್ಟಲೆ ಹಳ್ಳಿಯಲ್ಲಿ ದುಡಿದ ಕಡೆ. ಕೆಲಸದ ಬೆಲೆಗೆ ಬಾಗಲಕೋಟೆಯೇ ಇನ್ನೊಂದು ಸಾಕ್ಷಿ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರ ಹಣ, ಶ್ರಮದಿಂದಲೇ ಕೃಷ್ಣೆಗೆ ಬ್ಯಾರೇಜು ಕಟ್ಟಿಸಿದ ಸಿದ್ದು ನ್ಯಾಮಗೌಡರು 1991ರ ಲೋಕಸಭೆ ಚುನಾವಣೆಯಲ್ಲಿ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಅವರು ನಿಂತದ್ದು ದೊಡ್ಡ ಪಕ್ಷದಿಂದಲೇ ಹೌದು. ಜನ ನೋಡಿದ್ದು ಬ್ಯಾರೇಜನ್ನು.

ನಮ್ಮದೂ ಒಂದು ತಪ್ಪೊಪ್ಪಿಗೆ. ಧಾರಣೆ ಕುಸಿದ ವರ್ಷ ಸಿಟ್ಟಿನಲ್ಲಿ ನಾವು ಹೆಸರು ಕೇಳದ ಪಕ್ಷೇತರನೊಬ್ಬನಿಗೆ ಮತ ಒತ್ತಿ ಬಂದೆವು. ನಮಗೆ ಬೇಡವೇ ಬೇಡವಾಗಿದ್ದವರು ಸ್ವಲ್ಪದರಲ್ಲಿ ಗೆದ್ದರು. ಪಕ್ಷೇತರ ಮತ್ತೆ ಊರ ಕಡೆ ತಲೆ ಹಾಕಲಿಲ್ಲ. ಅಂಥ ಮತ ಹೊಳೆಪಾಲೇ ಸರಿ.

ಪದವೀಧರರ ಕ್ಷೇತ್ರದಲ್ಲಿ ಈ ಸಂಕಟವಿಲ್ಲ. ಅಲ್ಲಿ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುತ್ತೇವೆ. ಮೊದಲನೆಯವನು ಕಣದಿಂದ ಹೊರಬಿದ್ದರೆ ಮತ ಎರಡನೆಯವನಿಗೆ ಹೋಗುತ್ತದೆ. ವಿಧಾನಸಭೆಗೆ ಆ ಅನುಕೂಲವಿಲ್ಲ; ಒಂದೇ ಗುಂಡಿ.

ಆದ್ದರಿಂದ ಗುಂಡಿ ಒತ್ತುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಕ್ಷೇತ್ರದಲ್ಲಿ ಹಿಂದಿನ ಅಂತರ ಸಾವಿರದ್ದೋ, ಮೂವತ್ತು ಸಾವಿರದ್ದೋ? ಮುಂದಿರುವ ಇಬ್ಬರ ನಡುವೆ ನಮ್ಮ ಪಾಲಿಗೆ ನಿಜವಾದ ವ್ಯತ್ಯಾಸ ಇದೆಯೋ ಇಲ್ಲವೋ? ಮೂರನೆಯವನು ಸೋತ ಮರುದಿನವೂ ನಮ್ಮ ನಡುವೆ ಇರುವವನೋ? ಅಂತರ ಸಣ್ಣದು, ವ್ಯತ್ಯಾಸ ದೊಡ್ಡದು ಎಂದಾದರೆ ಇಬ್ಬರಲ್ಲಿ ಒಬ್ಬರನ್ನು ಆರಿಸುವುದೇ ವಿವೇಕ. ಇಬ್ಬರೂ ನಮಗೆ ಒಂದೇ ಆಗಿ, ಮೂರನೆಯವನು ಕೆಲಸಗಾರನಾದರೆ ಆ ಮತ ಬಿತ್ತಿದ ಬೀಜ.

ಮೇಸ್ತ್ರಿಗೆ ನಾವು ಹೇಳಿದ್ದೂ ಇಷ್ಟೇ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಮೂರನೇದವ ನಮ್ಮ ಕೇರಿಗಿ ಬಂದಿದ್ದ್ರಿ, ಉಳಿದವ್ರು ಬರಲಿಲ್ರಿ" ಎಂದ. ಅವನ ಲೆಕ್ಕವೂ ಲೆಕ್ಕವೇ.

ಮಹಾಸಭೆಯ ಹಿರಿಯರಿಗೆ ನಮ್ಮ ಉತ್ತರ: ಬೆಳೆಗಾರನನ್ನು ನಿಲ್ಲಿಸುವುದು ತಪ್ಪಲ್ಲ. ಆದರೆ ನಾಮಪತ್ರದ ದಿನ ಹುಡುಕಿದರೆ ಆಗದು. ಈಗಿನಿಂದಲೇ ಆತ ಕಾಣಬೇಕು. ಮುಂದಿನ ಸಭೆಯಲ್ಲಿ ಯಾರೇ ಈ ಪ್ರಶ್ನೆ ಎತ್ತಿದರೂ ನಗದೆ ಕೇಳೋಣ.