ಕಾಲಿನ ಬೈಪಾಸ್ ಆದ ಮೇಲೆ

ಬೈಪಾಸ್ ಎಂದರೆ ಹೃದಯಕ್ಕೆ ಮಾತ್ರ ಎಂದು ತಿಳಿದಿದ್ದೆ. ಕಳೆದ ವರ್ಷ ನಮ್ಮ ದಾದಾ ಅವರಿಗೆ, ಅಂದರೆ ಅಬ್ಬಾನ ತಂದೆಗೆ, ಬಲಗಾಲಿಗೆ ಬೈಪಾಸ್ ಆಯಿತು. ನಲವತ್ತು ವರ್ಷ ಬೀಡಿ ಸೇದಿದವರು, ಜೊತೆಗೆ ಸಕ್ಕರೆ ಕಾಯಿಲೆ. ತೊಡೆಯ ಅಪಧಮನಿಯಲ್ಲಿ ಕೊಬ್ಬು ಕಟ್ಟಿಕೊಂಡು, ಮಸೀದಿಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ಕೊನೆಗೆ ಹೆಬ್ಬೆರಳಿನ ಗಾಯ ಮಾಯಲೇ ಇಲ್ಲ.

ಈ ಶಸ್ತ್ರಚಿಕಿತ್ಸೆಯಲ್ಲಿ ಕಟ್ಟಿಕೊಂಡ ಭಾಗವನ್ನು ತೆಗೆಯುವುದಿಲ್ಲ, ಅದನ್ನು ಬಳಸಿ ಹೋಗುವ ಹೊಸ ದಾರಿ ಜೋಡಿಸುತ್ತಾರೆ. ಅದಕ್ಕೆ ರೋಗಿಯ ಕಾಲಿನದೇ ಅಭಿಧಮನಿ ಒಳ್ಳೆಯದು, ಅದು ಸಿಗದಿದ್ದರೆ ಕೃತಕ ಕೊಳವೆ. 1948ರಲ್ಲಿ ಪ್ಯಾರಿಸ್‌ನಲ್ಲಿ ಝಾನ್ ಕುನ್ಲಿನ್ ಎಂಬ ವೈದ್ಯರು ಹೀಗೆ ಅಭಿಧಮನಿ ಜೋಡಿಸಿದ್ದರು.

ಮನೆಗೆ ಬಂದ ಎರಡನೇ ವಾರ ಕಾಲು ಊದಿಕೊಂಡಿತು. ಎಲ್ಲರಿಗೂ ಗಾಬರಿ. ರಕ್ತ ಮತ್ತೆ ಹರಿಯತೊಡಗಿದ ಕಾಲಿಗೆ ಎರಡು ಮೂರು ತಿಂಗಳು ಊತ ಇರಬಹುದು, ಕುಳಿತಾಗ ಕಾಲನ್ನು ಎತ್ತರದಲ್ಲಿಡಿ ಎಂದರು ವೈದ್ಯರು. ಆದರೆ ಊತ ಒಮ್ಮೆಲೇ ಹೆಚ್ಚಿದರೆ ಅಥವಾ ಮೀನಖಂಡ ನೋಯತೊಡಗಿದರೆ ತೋರಿಸಲೇಬೇಕು. ಹೊಲಿಗೆಯ ಸುತ್ತ ಜೋಮು ಹಿಡಿದಂತಿರುವುದು ಸಾಮಾನ್ಯ. ತೊಡೆಸಂದಿನ ಗಾಯದಲ್ಲಿ ಕೀವು, ಕೆಂಪು, ಜ್ವರ ಬಂದರೆ ಸಾಮಾನ್ಯವಲ್ಲ. ಸೋಂಕು ಕೃತಕ ಕೊಳವೆಗೆ ತಲುಪಿದರೆ ಕೊಳವೆಯನ್ನೇ ತೆಗೆಯಬೇಕಾಗಬಹುದು.

ನಿಜವಾದ ಅಪಾಯ ಬಂದಾಗ ಮಾತ್ರ ನಾವು ಗಾಬರಿಯಾಗಲಿಲ್ಲ. ಡಿಸೆಂಬರ್‌ನ ಒಂದು ರಾತ್ರಿ ಇಶಾ ನಮಾಝಿಗೆ ವುಝೂ ಮಾಡುವಾಗ ದಾದಾ, "ಪಾದ ಮರಗಟ್ಟಿದ ಹಾಗಿದೆ" ಎಂದರು. ಚಳಿ ಎಂದರು ಅಬ್ಬಾ. ಪಕ್ಕದ ಮನೆಯ ಖಾಲಾ ಬಿಸಿನೀರಿನ ಚೀಲ ತಂದರು. (ಇದು ತಪ್ಪು. ಸ್ಪರ್ಶ ತಿಳಿಯದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.) ಅಮ್ಮಿ ಎರಡೂ ಪಾದ ಮುಟ್ಟಿ ನೋಡಿದರು. ಎಡಗಾಲು ಬೆಚ್ಚಗಿತ್ತು, ಬಲಗಾಲು ಮಂಜಿನಂತೆ ತಣ್ಣಗೆ, ಬಿಳಿಚಿಕೊಂಡಿತ್ತು. ಚಳಿಯಾದರೆ ಎರಡೂ ಕಾಲಿಗೆ ಆಗಬೇಕಲ್ಲವೇ?

ಆಗಲೇ ಆಸ್ಪತ್ರೆಗೆ ಹೊರಟೆವು. ಹೊಸ ದಾರಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ರಕ್ತ ಪೂರ್ತಿ ನಿಂತರೆ ಸುಮಾರು ಆರು ಗಂಟೆಯಲ್ಲಿ ಸ್ನಾಯು, ನರಗಳಿಗೆ ಸರಿಪಡಿಸಲಾಗದ ಹಾನಿ ಆಗತೊಡಗುತ್ತದೆ, ಆಮೇಲೆ ಕಾಲು ಕತ್ತರಿಸಬೇಕಾಗಬಹುದು. ಬೆಳಿಗ್ಗೆ ನೋಡೋಣ ಎಂದಿದ್ದರೆ ಅಷ್ಟು ಹೊತ್ತು ಕಳೆದೇ ಹೋಗುತ್ತಿತ್ತು. ಹೆಪ್ಪು ತೆಗೆದರು. ಕಾಲು ಉಳಿಯಿತು, ಎರಡು ಬೆರಳು ಹೋದವು.

ಬೈಪಾಸ್ ಆದರೂ ರೋಗ ಒಳಗೇ ಇರುತ್ತದೆ. ಅದೇ ಕೊಬ್ಬು ಹೃದಯ, ಮಿದುಳಿನ ರಕ್ತನಾಳಗಳಲ್ಲೂ ಕಟ್ಟುವುದರಿಂದ ಇಂಥವರಿಗೆ ಹೃದಯಾಘಾತದ ಭಯ ಹೆಚ್ಚು. ಆಸ್ಪಿರಿನ್, ಸ್ಟಾಟಿನ್ ಮಾತ್ರೆ ಬಿಡದೆ ನುಂಗಲು ಹೇಳುವುದು ಅದಕ್ಕೇ. ಬೀಡಿ ಮುಂದುವರಿಸಿದರೆ ಹೊಸ ದಾರಿಯೂ ಬೇಗ ಮುಚ್ಚುತ್ತದೆ. ಆಪರೇಷನ್ ಆದ ಮೇಲೂ ದಾದಾ ಸೇದುತ್ತಿದ್ದರು. ತಂದುಕೊಡುತ್ತಿದ್ದವನು ನಾನೇ. ದಾದಾ ಕೇಳಿದಾಗ ಇಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ.

ಈಗ ದಿನಾ ರಾತ್ರಿ ನಾನು ಅವರ ಎರಡೂ ಪಾದ ಮುಟ್ಟಿ ನೋಡುತ್ತೇನೆ. ಅಕೌಂಟೆನ್ಸಿ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಎಡ, ಬಲ ಎಂದು ಎರಡು ಕಾಲಂ ಹಾಕಿ, ಬೆಚ್ಚಗೋ ತಣ್ಣಗೋ ಬರೆದಿಡುತ್ತೇನೆ. ಮುಂದಿನ ಡಾಪ್ಲರ್ ಸ್ಕ್ಯಾನ್ ರಂಝಾನ್ ಮುಗಿದ ಮೇಲೆ ಇದೆ.